ರೇಣುಕವ್ವನ ಹಾಜರಿ

ಹಾವೇರಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಕುಳಿತಾಗಿನಿಂದ ಪ್ರಿಯಂವದಾ ತೊಡೆಯ ಮೇಲಿನ ಫೈಲನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆಯುವ ಅಗತ್ಯವೂ ಇರಲಿಲ್ಲ. ಒಳಗಿನ ಹಾಳೆಯಲ್ಲಿ ರೇಣುಕವ್ವನ ಹೆಸರಿನ ಮುಂದೆ ಎಪ್ಪತ್ತೊಂದು ಎಂದಿತ್ತು, ಬೇಕಾದದ್ದು ಎಪ್ಪತ್ತೆರಡು. ತೊಂಬತ್ತು ದಿನದ ತರಬೇತಿಯಲ್ಲಿ ಎಪ್ಪತ್ತೆರಡು ದಿನ ಹಾಜರಿದ್ದವರಿಗೆ ಮಾತ್ರ ರಾಣೆಬೆನ್ನೂರಿನ ಆಚೆ ಎದ್ದಿದ್ದ ಹೊಸ ಸೋಲಾರ್ ಕಂಪನಿಯಲ್ಲಿ ಕಾಯಂ ಕೆಲಸ. ಸರಕಾರದ ನೀತಿ ಹಾಗಿತ್ತು. ಸರಕಾರದ ಜಮೀನು, ಸರಕಾರದ ರಿಯಾಯತಿ ತೆಗೆದುಕೊಂಡ ಕಂಪನಿ, ಸುತ್ತಲಿನ ಊರುಗಳಲ್ಲಿ ತರಬೇತಾದವರಿಗೆ ಇಷ್ಟು ಹುದ್ದೆ ಕೊಡಬೇಕು, ಅದರಲ್ಲಿ ಅರ್ಧ ಹೆಂಗಸರಿಗೆ, ಗುತ್ತಿಗೆಯ ಮೇಲಲ್ಲ, ಪಿಎಫ್ಫು ಇಎಸ್‌ಐ ಸಹಿತ. ರೇಣುಕವ್ವ ತೊಂಬತ್ತಕ್ಕೆ ತೊಂಬತ್ತು ದಿನವೂ ಬಂದಿದ್ದಳು. ಪ್ರಿಯಂವದಾ ಕೆಲಸ ಮಾಡುವ ಬ್ಯಾಡಗಿಯ ತರಬೇತಿ ಕೇಂದ್ರದಲ್ಲಿ ಅದು ಎಲ್ಲರಿಗೂ ಗೊತ್ತು. ಹಾಗಿದ್ದೂ ಹಾಜರಿಯ ಯಂತ್ರ ಎಪ್ಪತ್ತೊಂದು ಎಂದು ಯಾಕೆ ಹೇಳುತ್ತಿದೆ ಎಂಬುದು ಮಾತ್ರ ಪ್ರಿಯಂವದಾ ಒಬ್ಬಳಿಗೆ ಗೊತ್ತಿತ್ತು. ಗಾಡಿ ಬ್ಯಾಡಗಿಗೆ ಬಂದಾಗ ರೇಣುಕವ್ವ ಹತ್ತುತ್ತಾಳೆ, ಅಲ್ಲಿಂದ ರಾಣೆಬೆನ್ನೂರಿಗೆ ಅರ್ಧ ತಾಸೂ ಇಲ್ಲ, ಅಷ್ಟರಲ್ಲಿ ಹೇಳಿಬಿಡಬೇಕು ಎಂದು ಅವಳು ಎದ್ದಾಗಿನಿಂದ ಅಂದುಕೊಳ್ಳುತ್ತಿದ್ದಳು. ಆದರೆ ಅಂದುಕೊಳ್ಳುವುದು ಎಲ್ಲೋ ದೂರದಲ್ಲಿ, ಪಕ್ಕದ ಮನೆಯವರ ಟೀವಿಯ ಹಾಗೆ, ತನಗೆ ಸಂಬಂಧವಿಲ್ಲದ ಸದ್ದಾಗಿ ನಡೆದಿತ್ತು. ಕಿಟಕಿಯ ಸರಳಿಗೆ ಯಾರೋ ಹಳೆಯ ಕರವಸ್ತ್ರ ಕಟ್ಟಿ ಮರೆತು ಹೋಗಿದ್ದರು. ಅದು ಬಡಿದುಕೊಳ್ಳುವುದನ್ನೇ ಅವಳು ನೋಡುತ್ತ ಕುಳಿತಳು.

ಮೊದಲ ದಿನ ಹಾಜರಿ ಯಂತ್ರದ ಮುಂದೆ ಮೂವತ್ತು ಹೆಂಗಸರ ಸಾಲಿತ್ತು. ಒಬ್ಬೊಬ್ಬರೂ ಬೆರಳೊತ್ತಿ ಹೆಸರು ನೋಂದಾಯಿಸಬೇಕು, ಆಮೇಲೆ ದಿನವೂ ಬಂದಾಗೊಮ್ಮೆ ಹೋಗುವಾಗೊಮ್ಮೆ ಅದೇ ಬೆರಳು. ರೇಣುಕವ್ವ ಹೆಬ್ಬೆರಳಿಟ್ಟಳು, ಕೆಂಪು ದೀಪ ಹತ್ತಿತು. ತೋರುಬೆರಳಿಟ್ಟಳು, ಕೆಂಪು. ಹತ್ತು ಬೆರಳೂ ಆದವು. ಹದಿನಾರು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ತುದಿಗಳು ಉಜ್ಜಿದ ಹುಣಸೆಬೀಜದ ಹಾಗೆ ನುಣ್ಣಗೆ ಮಿನುಗುತ್ತಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದರು, ಕೊಬ್ಬರಿ ಎಣ್ಣೆ ಹಚ್ಚಿದರು. ಸಾಲಿನಲ್ಲಿದ್ದ ಯಾರೋ, ಕಾಲಬೆರಳರ ಇಡವಾ, ಅಂದದ್ದಕ್ಕೆ ಎಲ್ಲರೂ ನಕ್ಕರು, ರೇಣುಕವ್ವನೂ ನಕ್ಕಳು. ನಗುತ್ತಲೇ ಅವಳ ಕುತ್ತಿಗೆ ಕೆಂಪಾಗುತ್ತಿತ್ತು. ಕೇಂದ್ರದ ಮುಖ್ಯಸ್ಥ ಚೇತನಕುಮಾರ ಕಿವಿಗೆ ಫೋನು ಹಿಡಿದೇ ಬಾಗಿಲಿಗೆ ಬಂದು, ಏನಾರ ಮಾಡ್ರಿ, ಹೊತ್ತು ಏರೂದ್ರೊಳಗ ಪಟ್ಟಿ ಹೋಗಬೇಕು, ಅಂದು ಒಳಗೆ ಹೋದ. ಆಗ ಪ್ರಿಯಂವದಾ ಮಾಡಿದ್ದು ಕರುಣೆಯಿಂದಲ್ಲ. ಆಮೇಲೆ ಡೈರಿಯಲ್ಲಿ ಕರುಣೆ ಎಂದು ಬರೆದು ಹೊಡೆದುಹಾಕಿದ್ದಳು. ಎಲ್ಲರ ನಡುವೆ ಒಬ್ಬ ಹೆಂಗಸು ಹಾಗೆ ಕೈ ಚಾಚಿಕೊಂಡು ನಿಂತದ್ದನ್ನು ನೋಡುವುದು ಅವಳಿಗಾಗಲಿಲ್ಲ, ಅಷ್ಟೇ. ಮಂದಿಯ ಮುಂದೆ ಹಾಗೆ ನಿಲ್ಲುವುದೆಂದರೆ ಏನೆಂದು ಅವಳಿಗೆ ಶಾಲೆಯಿಂದಲೂ ಗೊತ್ತಿತ್ತು. ಸಾಲು ಚದುರಿದ ಮೇಲೆ ತನ್ನ ಎಡಗೈಯ ಉಂಗುರಬೆರಳನ್ನು ಒತ್ತಿದಳು. ಹಸಿರು ದೀಪ ಹತ್ತಿ ರೇಣುಕವ್ವನ ಹೆಸರು ಮೂಡಿತು. ಅಂದಿನಿಂದ ದಿನವೂ ಬಲಗೈ ತೋರುಬೆರಳು ತನಗೆ, ಎಡಗೈ ಉಂಗುರಬೆರಳು ರೇಣುಕವ್ವನಿಗೆ. ರೇಣುಕವ್ವನಿಗೆ ಮಾತ್ರ ಹೇಳಿದ್ದಳು. ಆಕೆ ಅದರಲ್ಲಿ ತಪ್ಪೇನೂ ಕಾಣದೆ, ಇರಲಿ ಬಿಡ್ರಿ ಅಕ್ಕಾರ, ನನ್ನ ಬೆರಳ ನಿಮ್ಮ ಕಡೆನ ಜ್ವಾಕಿ, ಅಂದಿದ್ದಳು.

ಬ್ಯಾಡಗಿ ಬರುವ ಮೊದಲೇ ಘಾಟು ಬಂತು. ಎದುರಿನ ಸೀಟಿನ ಮುದುಕ ಎರಡು ಸಲ ಸೀನಿ ಮೂಗಿಗೆ ಟವೆಲ್ಲು ಒತ್ತಿಕೊಂಡ. ಗಾಡಿ ಹತ್ತಿ ಬಂದ ರೇಣುಕವ್ವ ಹೊಸದಾಗಿ ಮಡಿಕೆ ಬಿಚ್ಚಿದ ಹಸಿರು ಸೀರೆ ಉಟ್ಟಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ತರಬೇತಿಯ ನೋಟಬುಕ್ಕು. ನೋಟಬುಕ್ಕು ಯಾಕೆಂದರೆ, ಸಾಹೇಬರು ಏನಾದರೂ ಕೇಳಿದರೆ ತಂತಿ ಜೋಡಿಸುವ ಚಿತ್ರ ತೋರಿಸಬಹುದಲ್ಲ ಎಂದಳು. ಪ್ರಿಯಂವದಾ ಸರಿದು ಜಾಗ ಮಾಡಿದಳು. ಬಿಸಿಲು ಬೀಳುವ ಬದಿಗೇ ಕುಳಿತುಕೊಂಡು ರೇಣುಕವ್ವ ಅತ್ತೆಯ ಮಾತು ಹೇಳತೊಡಗಿದಳು.

"ನಮ್ಮತ್ತಿ ಉಚ್ಚಂಗೆವ್ವ ಇವತ್ತ ಮುಂಜಾನೆ ಓಣಿ ಮಂದೀಗೆಲ್ಲಾ ಏನ್ ಹೇಳಾಕತ್ತಿದ್ಲು ಗೊತ್ತೇನ್ರಿ? ನಮ್ಮ ಸೊಸಿ ಬಿಸಲ ಮಾರಾಕ ಹೊಂಟಾಳ, ನಾಳೆ ಗಾಳೀನೂ ಮಾರ್ತಾಳ ಅಂತ. ಗಾಳಿ ಆಗಲೇ ಮಾರ್ಯಾರಬೇ, ಗದಗಿನ ದಿಕ್ಕಿಗೆ ಹೋಗಿ ಗಾಳಿಕಂಬ ನೋಡಿ ಬಾ ಅಂದೆ."

ಪ್ರಿಯಂವದಾ ನಕ್ಕಳು. ನಗು ಮುಖದ ಮೇಲೆ ಬಂದು, ಹೋಗಲು ಮರೆತು ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ರೇಣುಕವ್ವ ಹೇಳುತ್ತಲೇ ಇದ್ದಳು. ಬಿಸಿಲಿಗೆ ಕಾದ ಪ್ಯಾನೆಲ್ಲಿನ ಚೌಕಟ್ಟು ಹಿಡಿದರೆ ಉಳಿದವರು ಕೈ ಹಿಂದೆಳೆದುಕೊಳ್ಳುತ್ತಾರೆ, ತನಗೆ ಏನೂ ಅನ್ನಿಸುವುದಿಲ್ಲ. ತರಬೇತಿ ಕೊಡುವವರೇ ಅದನ್ನು ಕಂಡು ಬೆರಗಾದರು. ಸೋಮವಾರ ಗುರುವಾರ ಮಾರುಕಟ್ಟೆಯ ಅಂಗಳದಲ್ಲಿ ತೊಟ್ಟು ಬಿಡಿಸುವ ಚೀಲಕ್ಕಾಗಿ ಕಾಯುವುದು ಇನ್ನು ಸಾಕು. ಮಳೆಗಾಲದಲ್ಲಿ ಕಾಯಿ ಇರುವುದಿಲ್ಲ, ಕೆಲಸವೂ ಇರುವುದಿಲ್ಲ, ಕೆಮ್ಮು ಮಾತ್ರ ವರ್ಷವಿಡೀ ಇರುತ್ತದೆ. ಆಮೇಲೆ ದನಿ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡು ಇಲ್ಲವೆಂದುಬಿಟ್ಟಾರೆಂಬ ಹಾಗೆ ಕೇಳಿದಳು.

"ಅಕ್ಕಾರ, ಜಡ್ಡ ಬಿದ್ದು ಮನಿಯಾಗ ಮಲಗಿದ್ರೂ ಪಗಾರ ಹಿಡಿಯಂಗಿಲ್ಲಂತ ಆ ಪುಸ್ತಕದಾಗ ಐತಲ್ರಿ, ಖರೇನ ಅದು? ನೀವ ಬರದದ್ದಂತಲ್ಲ."

ಖರೇ ಎಂದು ಪ್ರಿಯಂವದಾ ತಲೆಯಾಡಿಸಿದಳು. ತರಬೇತಿಗೆ ಬಂದವರಿಗೆಲ್ಲ ಹಂಚಿದ ಆ ಪುಸ್ತಕ ಅವಳೇ ಬರೆದದ್ದು. ನೀತಿಯ ಕಾಗದಗಳು ಇಂಗ್ಲಿಷಿನಲ್ಲಿ ಬಂದಿದ್ದವು. ಬಿ.ಎ. ಆದವಳು, ಅಕ್ಷರ ಚೆನ್ನ ಎಂದು ಚೇತನಕುಮಾರ ಅವಳ ಮೇಜಿನ ಮೇಲೆ ತಂದು ಹಾಕಿದ್ದ. ಒಳ್ಳೆಯ ಕೆಲಸವೆಂದರೆ ಏನು ಎಂಬಲ್ಲಿ ಅವಳು, ನಾಳೆಗೆ ಹೆದರದೆ ಮನುಷ್ಯರು ಮಾಡುವ ಕೆಲಸ, ಎಂದು ಬರೆದಿದ್ದಳು. ಚೇತನಕುಮಾರ ಅದನ್ನು ಕಾಟು ಹಾಕಿ ಗುಣಮಟ್ಟದ ಉದ್ಯೋಗ ಎಂದು ಮಾಡಿದ. ಹೊಡೆದುಹಾಕಿದ ಸಾಲನ್ನು ಅವಳು ಡೈರಿಗೆ ಇಳಿಸಿಕೊಂಡಳು. ಅದರ ಮರುವಾರವೋ ಏನೋ, ನಾಲ್ಕನೇ ತಾರೀಖು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ನಿಂತವಳ ಕೈ ನಡುವೆಯೇ ನಿಂತಿತು. ಬಾಚಣಿಗೆ ಕೂದಲಲ್ಲೇ ಇತ್ತು. ಅದನ್ನು ಕೆಳಗೆಳೆಯುವುದಕ್ಕೆ ಬೇಕಾದ್ದು ಏನೋ ಅವಳ ಹತ್ತಿರ ಇರಲಿಲ್ಲ. ಹೋಗಿ ಮಲಗಿದಳು. ಜ್ವರವಿಲ್ಲ, ನೋವಿಲ್ಲ, ಅಳುವೂ ಬರಲಿಲ್ಲ. ತಾಯಿ ಅನಸೂಯಾಬಾಯಿ ಹಣೆ ಮುಟ್ಟಿ ನೋಡಿ, ಏನೂ ಸಿಗದೆ, ಕೇಂದ್ರಕ್ಕೆ ಫೋನು ಮಾಡಿ ಟೈಫಾಯ್ಡ್ ಎಂದು ಹೇಳಿದಳು. ಅಷ್ಟು ದಿನ ಮಲಗುವುದಕ್ಕೆ ಒಂದು ಹೆಸರು ಬೇಕಲ್ಲ. ಕೋರ್ಟಿನ ನೌಕರಿಯಿಂದ ನಿವೃತ್ತರಾದ ತಂದೆ ಸದಾಶಿವರಾಯರು ದಿನವೂ ಬಾಗಿಲ ಹೊರಗೇ ನಿಂತು ಪೇಪರಿನ ದಪ್ಪ ಅಕ್ಷರಗಳನ್ನಷ್ಟೇ ಓದಿ ಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಗೋಡೆಯ ಸುಣ್ಣ ಒಂದು ಕಡೆ ಎದ್ದು ಹಪ್ಪಳದ ಹಾಗೆ ನಿಂತಿತ್ತು. ಅದು ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ನೋಡುತ್ತ ದಿನಗಳು ಹೋದವು. ಒಂದು ದಿನ ಎದ್ದು, ಸ್ನಾನ ಮಾಡಿ, ಬಸ್‌ಸ್ಟ್ಯಾಂಡಿನವರೆಗೂ ಹೋದಳು. ಬ್ಯಾಡಗಿಯ ಬಸ್ಸುಗಳು ಒಂದಾದ ಮೇಲೊಂದು ಬಂದು ತುಂಬಿಕೊಂಡು ಹೋದವು. ಕಂಡಕ್ಟರನೊಬ್ಬ, ಬರೋದೈತೇನ್ರಿ, ಎಂದು ಕೇಳಿದಾಗ ತನ್ನನ್ನಲ್ಲವೆಂಬಂತೆ ಅತ್ತ ತಿರುಗಿದಳು. ಬಿಸಿಲೇರುವ ಹೊತ್ತಿಗೆ ಮನೆಗೆ ಮರಳಿದಳು. ಅಂದು ಹತ್ತಿದ್ದರೆ ಎಪ್ಪತ್ತೆರಡು ಆಗುತ್ತಿತ್ತು.

ಹತ್ತೊಂಬತ್ತು ದಿನ. ಅಷ್ಟೂ ದಿನ ಅಲ್ಲಿ ಎಡಗೈ ಉಂಗುರಬೆರಳು ಇರಲಿಲ್ಲ. ಕೇಂದ್ರಕ್ಕೆ ಮರಳಿದ ದಿನ ರೇಣುಕವ್ವನೇ ಪಕ್ಕದಲ್ಲಿ ಕುಳಿತು, ನೀವು ಇಲ್ಲದಾಗ ಇಷ್ಟ ಕಲಿಸ್ಯಾರ ನೋಡ್ರಿ, ಎಂದು ನೋಟಬುಕ್ಕು ತೆರೆದು ಒಂದೊಂದೇ ಚಿತ್ರ ತೋರಿಸಿದ್ದಳು. ಪ್ರತಿ ಚಿತ್ರದ ಕೆಳಗೂ ತಾರೀಖು. ಹಾಜರಿಯನ್ನು ಕೈಯಿಂದ ತಿದ್ದುವುದಕ್ಕೆ ಒಂದು ಅರ್ಜಿ ನಮೂನೆ ಇತ್ತು. ತಿಂಗಳು ಮುಗಿದ ಏಳು ದಿನದೊಳಗೆ, ಕಾರಣ ಬರೆದು, ಚೇತನಕುಮಾರನ ಸಹಿ ಹಾಕಿಸಿ ಕಳಿಸಬೇಕು. ಕಾರಣ ಎಂಬ ಖಾಲಿ ಗೆರೆಯ ಮುಂದೆ ಅವಳು ಪೆನ್ನು ಹಿಡಿದು ಕುಳಿತಳು. ಯಾವ ಕಾರಣ? ರೇಣುಕವ್ವನ ಬೆರಳು ಹಾವೇರಿಯಲ್ಲಿ ಗೋಡೆ ನೋಡುತ್ತ ಮಲಗಿತ್ತು ಎಂದೇ? ಅರ್ಜಿಯನ್ನು ಡ್ರಾಯರಿನಲ್ಲಿಟ್ಟಳು. ಏಳು ದಿನ ಮುಗಿದದ್ದು ಗೊತ್ತಾಗಿ ಆದದ್ದು ಒಂದು ಬಗೆಯ ಸಮಾಧಾನ.

ಗಾಡಿ ದೇವರಗುಡ್ಡ ದಾಟಿತು. ಹೇಳಬೇಕು ಎಂದುಕೊಂಡಳು. ರೇಣುಕವ್ವ ಕಿಟಕಿಯ ಹೊರಗೆ ಕೈ ಚಾಚಿ, ದೂರದ ಯಾವುದೋ ಗೋದಾಮಿನ ಮಾಡಿನ ಮೇಲಿನ ಪ್ಯಾನೆಲ್ಲುಗಳನ್ನು ತೋರಿಸಿ, ಮೂಡಲಕ್ಕ ವಾಲಿಸಿ ಕೂಡ್ಸ್ಯಾರ ದಡ್ಡರು, ಎಂದು ಬೈಯುತ್ತಿದ್ದಳು.

ರಾಣೆಬೆನ್ನೂರಿನಲ್ಲಿ ಸರಕಾರದ ತರಬೇತಿ ಆಫೀಸು ಬೀಜದ ಅಂಗಡಿಯೊಂದರ ಮೇಲಿತ್ತು. ಮಂಗಳವಾರಕ್ಕೊಮ್ಮೆ ಅಲ್ಲಿಗೆ ಪರಿಶೀಲನೆಯ ಅಧಿಕಾರಿ ಶಶಿಕಾಂತ ಬರುತ್ತಾನೆ. ಅವನು ಸರಿ ಎಂದವರಿಗೆ ಕಂಪನಿಯವರು ಅಂದೇ ನೇಮಕದ ಪತ್ರ ಕೊಡುತ್ತಾರೆ. ಗುಮಾಸ್ತೆ ಅಮೀರಬಿ ಕುರ್ಚಿ ತೋರಿಸಿದಳು. ರೇಣುಕವ್ವ ತುದಿಯಲ್ಲಿ ಕುಳಿತು ನೋಟಬುಕ್ಕನ್ನು ಮಡಿಲಲ್ಲಿಟ್ಟುಕೊಂಡಳು. ಶಶಿಕಾಂತ ನಲವತ್ತರ ಆಸುಪಾಸಿನವನು, ದಣಿದ ಮುಖ, ಯಾರನ್ನೂ ಗದರಿಸದ ದನಿ. ಫೈಲು ನೋಡಿದ, ಕಂಪ್ಯೂಟರು ನೋಡಿದ, ಮತ್ತೆ ಫೈಲು ನೋಡಿದ.

"ಹತ್ತೊಂಬತ್ತ ದಿನ ಗೈರಹಾಜರಿ ಐತಲ್ಲವಾ."

ರೇಣುಕವ್ವ ನಕ್ಕುಬಿಟ್ಟಳು. "ನಂದಲ್ರಿ ಅದು. ಬ್ಯಾರೇದವರದ್ದ ನೋಡಾಕತ್ತೀರಿ."

ಅವನು ಬೇಸರಪಡದೆ ತಾರೀಖುಗಳನ್ನು ಓದಿದ. ನಾಲ್ಕರಿಂದ ಇಪ್ಪತ್ತೈದರವರೆಗೆ, ಭಾನುವಾರ ಬಿಟ್ಟು. ಓದುತ್ತಿದ್ದಂತೆ ರೇಣುಕವ್ವನ ನಗು ನಿಧಾನವಾಗಿ ಮಡಿಚಿಕೊಂಡಿತು. ಆ ದಿನಗಳು ಯಾವುವೆಂದು ಅವಳಿಗೆ ಹೊಳೆದದ್ದು ಪ್ರಿಯಂವದಾಗೆ ಕಂಡಿತು. ಒಂದೇ ಸಲ ಅವಳು ಪ್ರಿಯಂವದಾಳ ಕಡೆ ತಿರುಗಿದಳು. ಸಿಟ್ಟಿನ ನೋಟವಲ್ಲ, ಬೇಡುವ ನೋಟವೂ ಅಲ್ಲ. ಮಾತು ಈಗ ನಿಮ್ಮದು ಎಂಬಂತಿತ್ತು. ಶಶಿಕಾಂತನೂ ತಿರುಗಿ, ಕೇಂದ್ರದವರು ನೀವು, ಈಕಿ ಆವಾಗ ಬಂದಿದ್ದಳೇನು, ಎಂದು ಕೇಳಿದ. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಹಾಳೆಯೊಂದರ ಮೂಲೆ ಏಳುತ್ತಿತ್ತು, ಕೂರುತ್ತಿತ್ತು. ಪ್ರಿಯಂವದಾಗೆ ತನ್ನ ದನಿ ಕೇಳಿಸಿತು.

"ನಾ ಆವಾಗ ರಜಾದ ಮ್ಯಾಲ ಇದ್ದೆರಿ."

ಅದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ಎಷ್ಟು ಸಲೀಸಾಗಿ ಹೇಳಿದೆ ಎಂದು ಅವಳು, ಬೇರೆ ಯಾರದೋ ಕೈಚಳಕ ನೋಡುವವಳಂತೆ, ಒಳಗೇ ನೋಡಿಕೊಂಡಳು. ರೇಣುಕವ್ವ ನೋಟಬುಕ್ಕಿನ ಕವರನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದಳು.

"ಹೌದ್ರಿ ಸಾಹೇಬ್ರ," ಅಂದಳು. "ನಾ ಬಂದಿದ್ದಿಲ್ರಿ. ಮನಿಯಾಗ ತ್ರಾಸ ಇತ್ತು. ನೆನಪ ಹಾರಿತ್ತು."

ಶಶಿಕಾಂತ ಒಂದೇ ದಿನಕ್ಕೆ ತಪ್ಪಿತಲ್ಲ ಎಂದು ನಿಜವಾಗಿ ನೊಂದುಕೊಂಡ. ನಿಯಮ ಯಾಕೆ ಇಷ್ಟು ಬಿಗಿ ಎಂದೂ ವಿವರಿಸಿದ. ಮೊದಲು ಎಷ್ಟೋ ಕಡೆ ಬರೀ ಹೆಸರು ತುಂಬಿ, ಬಾರದವರಿಗೆ ಪ್ರಮಾಣಪತ್ರ ಕೊಟ್ಟು, ಬಂದವರ ಕೆಲಸ ಕಸಿದಿದ್ದರಂತೆ. ಬಂದವರಿಗೆ ಅನ್ಯಾಯ ಆಗಬಾರದು ಎಂದೇ ಈ ಯಂತ್ರ. ಆಮೇಲೆ, ಕೈ ಖಾಲಿ ಕಳಿಸಲು ಮನಸ್ಸಾಗದೆ, ಪ್ಯಾನೆಲ್ ತೊಳೆಯುವುದಕ್ಕೆ ಮಂದಿ ಬೇಕಾಗಿದ್ದಾರೆ, ಗುತ್ತಿಗೆದಾರ ಹೊಳಿಯಪ್ಪನ ಹತ್ತಿರ ಹೋಗಿ ಕೇಳು, ದಿನಗೂಲಿ, ಎಂದ. ಅದರಲ್ಲಿ ಇಎಸ್‌ಐ ಇರುತ್ತದೆಯೇ ಎಂದು ರೇಣುಕವ್ವ ಕೇಳಿದಳು. ಇರುವುದಿಲ್ಲ ಎಂದ. ಅವಳು ತಲೆಯಾಡಿಸಿ, ಕೈ ಮುಗಿದು ಎದ್ದಳು. ಅವನು ತೋರಿಸಿದಲ್ಲಿ ಪ್ರಿಯಂವದಾ ಕೇಂದ್ರದ ಪರವಾಗಿ ಸಹಿ ಮಾಡಿದಳು.

ಕೆಳಗೆ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ರಸ್ತೆಯಲ್ಲಿ ಆಟೋಗಳು ಹಾರನ್ನು ಹೊಡೆಯುತ್ತ ಸರಿಯುತ್ತಿದ್ದವು. ರೇಣುಕವ್ವ ಬಾಟಲಿ ಎತ್ತಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಟಲಿಯನ್ನು ಪ್ರಿಯಂವದಾಳ ಕಡೆ ಚಾಚಿದಳು. ಬೈದರೆ ಒಳ್ಳೆಯದಿತ್ತು. ಬೈಗಳಿಗಾದರೂ ಒಳಗೆ ಏನಾದರೂ ಏಳಬಹುದಿತ್ತು.

"ಯಾಕ ಹಂಗಂದ್ರಿ?" ಎಂದಳು ಪ್ರಿಯಂವದಾ. "ನೀವು ಬಂದೀರಿ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಬೆರಳಿನ ಮಾತ ಬರ್ತಿತ್ತಲ್ರಿ. ನೀವು ನನಗಾಗಿ ಮಾಡಿದ್ದದು." ಆಮೇಲೆ ಕೇಳಿದಳು. "ಅಷ್ಟ ದಿನ ಏನಾಗಿತ್ರಿ ನಿಮಗ? ಟೈಫಾಯ್ಡ್ ಅಂದ್ರು."

ಇಷ್ಟು ದಿನಗಳಲ್ಲಿ ಹಾಗೆ ನೇರವಾಗಿ ಯಾರೂ ಕೇಳಿರಲಿಲ್ಲ. ಡೈರಿಯಲ್ಲೂ ಆ ಪುಟಗಳು ಖಾಲಿ ಇದ್ದವು.

"ಟೈಫಾಯ್ಡ್ ಇರಲಿಲ್ಲ. ಏನೂ ಆಗಿರಲಿಲ್ಲ. ಮಲಗಿದ್ದೆ."

ರೇಣುಕವ್ವ ಅದನ್ನು ಪರೀಕ್ಷಿಸುವವಳಂತೆ ಅವಳ ಮುಖ ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಒಮ್ಮೊಮ್ಮೆ ಹಂಗಾಗತೈತಿ, ನಮಗ ಮಲಗಾಕ ಆಗಂಗಿಲ್ಲ ಅಷ್ಟ, ಎಂದು ಯಾವ ಕೊಂಕೂ ಇಲ್ಲದೆ ಹೇಳಿದಳು. ಹೊಳಿಯಪ್ಪನ ಮನೆ ಎಲ್ಲಿ ಎಂದು ಬೀಜದ ಅಂಗಡಿಯವನನ್ನು ಕೇಳಿ ಬರಬೇಕು ಅಂದಳು. ಏಳಲಿಲ್ಲ. ನೋಟಬುಕ್ಕಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಕೆಲಸ ಹೋದ್ರ ಹೋಗ್ಲಿ ಬಿಡ್ರಿ ಅಕ್ಕಾರ. ಆದ್ರ ನಾ ಬಂದೇನಲ್ರಿ. ಹತ್ತೊಂಬತ್ತೂ ದಿನ ಬಂದೇನಿ. ನನ್ನ ಬಾಯಿಂದ ನಾನ ಇಲ್ಲ ಅನ್ನೂವಂಗಾತು. ಯಾರ ಮುಂದರ ಒಮ್ಮೆ ಅನ್ರಿ ಅದನ್ನ, ರೇಣುಕವ್ವ ಬಂದಿದ್ಲು ಅಂತ."

ಪ್ರಿಯಂವದಾ ಎದ್ದದ್ದು ಧೈರ್ಯದಿಂದಲ್ಲ. ಕುಳಿತಿರುವುದಕ್ಕೂ ಏಳುವುದಕ್ಕೂ ನಡುವೆ ಹೆಚ್ಚಿನ ಅಂತರ ಅವಳಿಗೆ ಆಗ ಕಾಣಲಿಲ್ಲ. ಮೇಲೆ ಶಶಿಕಾಂತ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಿದ್ದ. ಅವಳು ಬಾಗಿಲಲ್ಲೇ ನಿಂತು, ಆಕಿ ಎಲ್ಲಾ ದಿನ ಬಂದಿದ್ಲರಿ, ಎಂದಳು. ದನಿ ಹೊರಗೆ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. ಅವನು ತುತ್ತು ಕೆಳಗಿಟ್ಟು, ಬಾಯಿಮಾತನ್ನು ತಾನು ಎಲ್ಲಿ ಇಟ್ಟುಕೊಳ್ಳಲಿ, ಬರೆದು ಕೊಡ್ರಿ, ಎಂದ. ಅಮೀರಬಿ ಹಾಳೆ ಕೊಟ್ಟಳು. ಡೈರಿಯಲ್ಲಿ ಒಂದು ಸಾಲು ಬರೆದು ಮೂರು ಸಾಲು ಹೊಡೆದುಹಾಕುವ ಕೈ ಇಲ್ಲಿ ಎಲ್ಲೂ ನಿಲ್ಲಲಿಲ್ಲ. ಯಂತ್ರ ರೇಣುಕವ್ವನ ಬೆರಳು ಹಿಡಿಯಲಿಲ್ಲ, ನಾನು ನನ್ನ ಬೆರಳು ಕೊಟ್ಟೆ, ನಾನು ಬಾರದ ದಿನಗಳನ್ನು ಯಂತ್ರ ಆಕೆ ಬಾರದ ದಿನಗಳೆಂದು ತೋರಿಸುತ್ತಿದೆ, ತಿದ್ದಬಹುದಾಗಿತ್ತು, ತಿದ್ದಲಿಲ್ಲ, ರೇಣುಕವ್ವ ಬಂದಿದ್ದ ದಿನಗಳು ಇವು. ಕೆಳಗೆ ತಾರೀಖು, ಕೆಳಗೆ ಸಹಿ. ಶಶಿಕಾಂತ ಎಡಗೈಯಲ್ಲಿ ಹಾಳೆ ಹಿಡಿದು ಅಮೀರಬಿಗೂ ಕೇಳಿಸುವಂತೆ ಓದುತ್ತ ಹೋದ, ನಡುವೆ ನಿಲ್ಲಿಸಿದ.

"ಇದು ಮ್ಯಾಲ ಹೋಗತೈತ್ರಿ. ಆಕಿಗೆ ಕೆಲಸ ಕೊಟ್ಟಾರು ಅಂತ ನಾ ಹೇಳಾಕಾಗಂಗಿಲ್ಲ. ನಿಮ್ಮದಂತೂ ಉಳಿಯಂಗಿಲ್ಲ. ತಿಳದ ಬರದೀರಿಲ್ಲೋ?"

ತಿಳಿದೇ ಎಂದಳು. ಅಮೀರಬಿ ನಕಲಿನ ಮೇಲೆ ಸ್ವೀಕರಿಸಿದ ಮುದ್ರೆ ಒತ್ತಿ ಕೊಟ್ಟಳು. ಹೆದರಿಕೆಯೋ ಹಗುರವೋ, ಏನಾದರೂ ಬರಬಹುದೆಂದು ಪ್ರಿಯಂವದಾ ಒಂದು ಕ್ಷಣ ಕಾದಳು. ಬರಲಿಲ್ಲ. ಉಪ್ಪಿನಕಾಯಿಯ ವಾಸನೆ ಮಾತ್ರ ಬಂತು.

ರೇಣುಕವ್ವ ಮೆಟ್ಟಿಲಿಂದ ಕದಲಿರಲಿಲ್ಲ. ನಾ ಬಂದಿದ್ದೆ ಅಂತ ಅಂದ್ರೇನ್ರಿ, ಎಂದು ಕೇಳಿದಳು. ಬರೆದು ಕೊಟ್ಟೆ ಎಂದಾಗ, ಓದ್ರಿ, ಎಂದಳು. ಪ್ರಿಯಂವದಾ ರಸ್ತೆಯ ಗದ್ದಲದ ನಡುವೆ ಸ್ವಲ್ಪ ಗಟ್ಟಿಯಾಗಿಯೇ ಓದಿದಳು. ರೇಣುಕವ್ವ ಎತ್ತಲೋ ನೋಡುತ್ತ, ತಾರೀಖು ಬಂದಾಗ ತುಟಿ ಅಲುಗಿಸುತ್ತ ಕೇಳಿದಳು. ಮುಗಿದ ಮೇಲೆ ನೋಟಬುಕ್ಕು ತೆರೆದು, ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟಳು.

"ಹನ್ನೆರಡನೇದ್ದ ಬಿಟ್ಟೀರಿ."

ಪ್ರಿಯಂವದಾ ಹಾಳೆ ನೋಡಿದಳು. ಹನ್ನೊಂದು, ಹದಿಮೂರು. ಹನ್ನೆರಡು ಇರಲಿಲ್ಲ. ಹೇಗೆ ಬಿಟ್ಟುಹೋಯಿತೋ ತಿಳಿಯಲಿಲ್ಲ.

"ಅವತ್ತ ಬಸ್ ಬರಲಿಲ್ರಿ," ಅಂದಳು ರೇಣುಕವ್ವ. "ಕಾಗಿನೆಲೆ ರಸ್ತಾದಿಂದ ನಡಕೊಂತ ಬಂದಿದ್ದೆ. ಚಪ್ಪಲಿ ಕಿತ್ತು ಕೈಯಾಗ ಹಿಡಕೊಂಡ ಬಂದಿದ್ದೆ. ಅದನ್ನ ಬಿಟ್ರ ಹೆಂಗ್ರಿ?"

ಪ್ರಿಯಂವದಾ ಪೆನ್ನು ತೆಗೆದುಕೊಂಡು ಮತ್ತೆ ಮೆಟ್ಟಿಲು ಹತ್ತಿದಳು.